ಮೊದಲನೆಯ ಸಾಲು

ಎಂದಿನಂತೆ ಎಡಗೈಯನ್ನು ಮೇಜಿನ ಅಂಚಿಗೆ ಆನಿಸಿ, ಬಲಗೈಯಿಂದ ಡ್ರಾಯರಿನ ಹಿಡಿಯನ್ನು ಜಗ್ಗಿದಳು. ಡ್ರಾಯರು ಎಂದಿನಂತೆ ಹಟ ಮಾಡಲಿಲ್ಲ. ಸದ್ದಿಲ್ಲದೆ ಜಾರಿ ಬಂದು ಅವಳ ಹೊಟ್ಟೆಗೆ ಗುದ್ದಿತು. ಒಳಗಿದ್ದ ಪೆನ್ಸಿಲುಗಳು ಚೆಲ್ಲಾಪಿಲ್ಲಿಯಾಗಿ ನೆಲದ ಮೇಲೆ ಉರುಳಿದವು.

"ಇದನ್ನ ಯಾರು ಸರಿ ಮಾಡಿದ್ದು?"

ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದ ಗಂಡ ತಲೆಯೆತ್ತಲಿಲ್ಲ. ಅವನು ಊರಿನ ಬಸ್ಸು ಓಡಿಸುವವನು, ಅವತ್ತು ಸಂಜೆಯ ಪಾಳಿಗೆ ಹೊರಟಿದ್ದ. "ನಾನಂತೂ ಅಲ್ಲಪ್ಪ. ಸುತ್ತಿಗೇನ ಯಾವ ತುದಿ ಹಿಡ್ಕೊಂಡು ಹೊಡೀಬೇಕು ಅನ್ನೋದೇ ನನಗೆ ಇವತ್ತಿಗೂ ಅನುಮಾನ."

ಬಿಸಿಲಿಗೆ ಮರ ಒಣಗಿ ಕುಗ್ಗಿರಬೇಕು ಎಂದುಕೊಂಡು ಅವಳು ಬಗ್ಗಿ ಪೆನ್ಸಿಲುಗಳನ್ನು ಹೆಕ್ಕಿದಳು. ಹದಿನೆಂಟು ವರ್ಷ ಒಂದೇ ಸಮನೆ ಸತಾಯಿಸಿದ ಡ್ರಾಯರು ಈ ಬೇಸಿಗೆಯಲ್ಲೇ ಯಾಕೆ ಮನಸ್ಸು ಬದಲಾಯಿಸಿತು ಎಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಗೋಡೆಯ ಪಕ್ಕದ ಮಂಚದ ಮೇಲೆ ಮಗಳು ಆ ಕಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಲ್ಲ; ಪಾದವೊಂದು ಅಲ್ಲಾಡುತ್ತಿತ್ತು. ಅರ್ಜಿ ಮೇಜಿನ ಮೇಲಿತ್ತು. ಕೊಡಲು ಇನ್ನು ಒಂಬತ್ತು ದಿನ.

"ಎದ್ದು ಬಾ ಪುಟ್ಟಿ. ಹತ್ತು ನಿಮಿಷ ಕೂತ್ಕೊಂಡು ಮಾತಾಡೋಣ."

"ಏನು?"

"ಏನು ಅಂದ್ರೆ? ಏನು ಓದ್ತೀಯ ಅಂತ."

"ಗೊತ್ತಿಲ್ಲ." ಪಾದ ನಿಂತಿತು. "ಏನೋ ಒಂದು ಬರಿ."

ಗಂಡ ಎದ್ದು ನಿಂತು ಅಂಗಿಯ ಕಾಲರು ಸರಿಮಾಡಿಕೊಂಡ. "ಸುಮ್ನಿರೇ, ನನ್ನ ಬಸ್ಸೂ ಬೆಳಿಗ್ಗೆ ಹಾಗೇ. ಹತ್ತು ಸಲ ಕೆಮ್ಮದೆ ಹೊರಡೋದಿಲ್ಲ." ಹಾಗೆಂದು ಹೊರಟುಹೋದ. ಹೆಂಡತಿಯ ಚಿಂತೆಗಳಿಗೆಲ್ಲ ಅವನ ಬಳಿ ಬಸ್ಸಿನಿಂದಲೇ ಒಂದು ಉತ್ತರ ಇರುತ್ತಿತ್ತು.

ಶಾಲೆಯ ಕೊನೆಯ ಪರೀಕ್ಷೆ ಮುಗಿಸಿದ ಮಕ್ಕಳೆಲ್ಲ ಮುಂದೆ ಏನು ಕಲಿಯುತ್ತೇವೆಂದು ಒಂದು ಅರ್ಜಿಯಲ್ಲಿ ಬರೆದು ಪ್ರವೇಶ ಕಚೇರಿಗೆ ಕೊಡಬೇಕು. ಮೂರು ಸಾಲು, ಮೂರು ಆಯ್ಕೆ. ತೀರಾ ಕಡಿಮೆ ಅಂಕ ಬಂದವರನ್ನು ಬಿಟ್ಟರೆ ಉಳಿದವರಿಗೆಲ್ಲ ಮೊದಲನೆಯ ಸಾಲಿನಲ್ಲಿ ಬರೆದದ್ದೇ ಸಿಗುತ್ತದೆ. ಮೊಹರು ಬಿದ್ದ ಮೇಲೆ ಮಾತ್ರ ಯಾರೂ ಏನನ್ನೂ ತಿದ್ದುವ ಹಾಗಿಲ್ಲ. ಆ ಕಚೇರಿಯ ಮೂರನೆಯ ಕಿಟಕಿಯ ಹಿಂದೆ ಕೂರುವ ಗುಮಾಸ್ತೆ ಅವಳು. ಕಚೇರಿಯವರೂ, ಕಿಟಕಿಗೆ ಬರುವ ಜನವೂ ಅವಳನ್ನು ಕರೆಯುವುದು ಪೆನ್ಸಿಲಕ್ಕ ಎಂದು.

ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ಗುಮಾಸ್ತೆಯಾದ ಮೊದಲನೆಯ ವರ್ಷ, ಅಕ್ಷರ ಬಾರದ ಒಬ್ಬ ತಾಯಿಗೆ ಸಹಾಯ ಮಾಡಲು ಹೋಗಿ, ಅವಳ ಮಗನ ಆಯ್ಕೆಯನ್ನು ತಪ್ಪು ಸಾಲಿನಲ್ಲಿ ಶಾಯಿಯಿಂದ ಬರೆದುಬಿಟ್ಟಿದ್ದಳು. ತಪ್ಪನ್ನು ಹೊಡೆದುಹಾಕಿ ತಿದ್ದಿದ ಅರ್ಜಿ ಅಮಾನ್ಯವಾಯಿತು. ಹುಡುಗನಿಗೆ ಒಂದು ವರ್ಷ ಹೋಯಿತು. ಅವನ ಮುಖ ಈಗ ಮರೆತಿದೆ. ಕಿಟಕಿಯ ಸರಳು ಹಿಡಿದಿದ್ದ ಅವನ ತಾಯಿಯ ಬೆರಳುಗಳು ಮರೆತಿಲ್ಲ. ಅಂದಿನಿಂದ ಅವಳು ಎಲ್ಲವನ್ನೂ ಮೊದಲು ಪೆನ್ಸಿಲಿನಲ್ಲಿ ಬರೆಯುತ್ತಾಳೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಆಮೇಲೆ ಅದರ ಮೇಲೇ ಅವರ ಕೈಯಲ್ಲೇ ಪೆನ್ನಿನಿಂದ ಬರೆಸುತ್ತಾಳೆ. ಪೆನ್ಸಿಲಿನ ಗೆರೆ ಉಳಿದ ಅರ್ಜಿಯನ್ನು ಮೇಲಿನವರು ವಾಪಸು ಕಳಿಸುತ್ತಾರಾದ್ದರಿಂದ, ಸಂಜೆ ಕೂತು ಒಂದೊಂದರ ಮೇಲೂ ರಬ್ಬರು ಆಡಿಸುತ್ತಾಳೆ. ಮೊಹರಿಗೆ ಕೊಡುವುದು ಆಮೇಲೆ.

ಮನೆಯಲ್ಲೂ ಅದೇ ಕಾನೂನು. ಒಂದನೆಯ ತರಗತಿಯಿಂದ ಮಗಳಿಗೆ ಹೇಳಿಕೊಟ್ಟ ಮಾತು: ಪೆನ್ನು ಮುಟ್ಟಬೇಡ, ಮೊದಲು ಪೆನ್ಸಿಲಿನಲ್ಲಿ ಬರೆದು ನನಗೆ ತೋರಿಸು. ರಜೆಯ ಚೀಟಿಯಾದರೂ ಸರಿ, ಗೆಳತಿಯ ಹುಟ್ಟುಹಬ್ಬದ ಕಾಗದವಾದರೂ ಸರಿ. ಚಿಕ್ಕವಳಿದ್ದಾಗ ಮಗಳು ಓಡಿ ಬಂದು ತೋರಿಸುತ್ತಿದ್ದಳು. ಆಮೇಲೆ ನಡೆದುಬಂದು ತೋರಿಸತೊಡಗಿದಳು. ಈಚೆಗೆ ಮೇಜಿನ ಮೇಲಿಟ್ಟು ಹೋಗುತ್ತಿದ್ದಳು.

ಪರೀಕ್ಷೆ ಮುಗಿದಾಗಿನಿಂದ ಪೆನ್ಸಿಲಕ್ಕ ಮಾಡದ ಪ್ರಯತ್ನ ಇರಲಿಲ್ಲ. ಶಾಲೆಯ ಸಲಹೆಗಾರ್ತಿಯ ಬಳಿ ಕರೆದುಕೊಂಡು ಹೋದಳು. ಅವರು ಅರವತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಮಗಳು ಐವತ್ತೆರಡಕ್ಕೆ 'ಹೇಳಲಾರೆ' ಎಂಬ ಚೌಕದಲ್ಲಿ ಗುರುತು ಹಾಕಿ, ಉಳಿದ ಹೊತ್ತಿನಲ್ಲಿ ಆ ಹಾಳೆಯ ಮೂಲೆಯನ್ನು ಹರಿದು, ಮಡಿಸಿ, ಅಲ್ಲಾಡುತ್ತಿದ್ದ ಕುರ್ಚಿಯ ಕಾಲಿನಡಿ ತುರುಕಿದಳು. ಸಲಹೆಗಾರ್ತಿ ಕನ್ನಡಕ ತೆಗೆದು ಒರೆಸುತ್ತ, ಕೆಲವು ಮಕ್ಕಳು ತಡವಾಗಿ ಅರಳುತ್ತಾರೆ, ಅವಸರ ಬೇಡ ಎಂದರು. ಅರ್ಜಿಯ ಕೊನೆಯ ದಿನ ತಡವಾಗಿ ಅರಳುವುದಿಲ್ಲವಲ್ಲ ಎಂದು ಪೆನ್ಸಿಲಕ್ಕ ಮನಸ್ಸಿನಲ್ಲೇ ಅಂದುಕೊಂಡಳು.

ಪರಿಚಯದವರನ್ನು ಹಿಡಿದು ಆಸ್ಪತ್ರೆಯ ಪ್ರಯೋಗಾಲಯ ತೋರಿಸಿದಳು. ಗಾಜಿನ ನಳಿಕೆಗಳ ಎದುರು ಮಗಳು ಆಕಳಿಸಿದಳು. ಕಾಲೇಜಿನ ಗ್ರಂಥಾಲಯಕ್ಕೆ ಕರೆದುಕೊಂಡು ಹೋದಳು. ಗ್ರಂಥಪಾಲಕಿ ಸಾವಿರಾರು ಪುಸ್ತಕಗಳ ನಡುವೆ ನಿಂತು ಪ್ರೀತಿಯಿಂದ ವಿವರಿಸುತ್ತಿದ್ದರೆ, ಈ ಹುಡುಗಿ ಉದ್ದನೆಯ ಓದುಮೇಜಿನ ಪಕ್ಕ ಮಂಡಿಯೂರಿ ಕೂತು ಅದರ ಅಡಿಗೆ ಕೈಹಾಕಿ ಸವರುತ್ತಿದ್ದಳು. ಹೊರಗೆ ಬಂದ ಮೇಲೆ ಪೆನ್ಸಿಲಕ್ಕ ಬೀದಿಯಲ್ಲೇ ಗದರಿದಳು. ಮಾನ ಹರಾಜಿಗೆ ಇಡುತ್ತೀಯ, ಮೇಜಿನ ಕೆಳಗೆ ಏನು ಬಿದ್ದಿತ್ತು ಎಂದು ಕೇಳಿದಳು.

"ಮೊಳೆ ಒಂದೂ ಇಲ್ಲ," ಎಂದಳು ಮಗಳು. ಅದು ಉತ್ತರ ಎಂದು ತಾಯಿಗೆ ಅನ್ನಿಸಲಿಲ್ಲ.

ಸೋಮಾರಿತನ ಪೆನ್ಸಿಲಕ್ಕನಿಗೆ ಅರ್ಥವೇ ಆಗದ ಸಂಗತಿ. ಅವಳು ಇದೇ ಕಚೇರಿಯಲ್ಲಿ ಕಸ ಗುಡಿಸುವವಳಾಗಿ ಸೇರಿದವಳು. ಹಗಲೆಲ್ಲ ಗುಡಿಸಿ, ನೀರು ಹೊತ್ತು, ಸಂಜೆ ಆರಕ್ಕೆ ಸಂಜೆ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಹಾಗೆ ಆರು ವರ್ಷ. ನಿದ್ದೆ ಬರದಿರಲಿ ಎಂದು ಬೆರಳ ತುದಿಗೆ ಪೆನ್ಸಿಲಿನ ಮೊನೆ ಚುಚ್ಚಿಕೊಳ್ಳುತ್ತಿದ್ದಳು. ಈಗಲೂ ಒಂದು ಕಡುಬೂದು ಚುಕ್ಕೆ ಎಡಗೈ ಹೆಬ್ಬೆರಳಿನ ಚರ್ಮದೊಳಗಿದೆ. ಅಷ್ಟಾಗಿಯೂ ತಾನು ಪೂರ್ತಿ ಓದಿದವಳಲ್ಲ ಎಂಬ ಅಳುಕು ಹೋಗಿರಲಿಲ್ಲ. ಹಗಲು ಓದಿದವರ ಮುಂದೆ ಮಾತಾಡುವಾಗ ಪ್ರತಿ ಪದವನ್ನೂ ಬಾಯೊಳಗೆ ಒಮ್ಮೆ ತಿರುಗಿಸಿ ನೋಡಿ ಹೊರಗೆ ಬಿಡುತ್ತಿದ್ದಳು.

ಹಿಂದಕ್ಕೆ ಹೋಗುವ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಪ್ಪ ಬಡಗಿ. ಊರಿನ ಅರ್ಧ ಮನೆಗಳ ಮುಂಬಾಗಿಲು ಮಾಡಿದವನು, ಆ ಮನೆಗಳೊಳಗೆ ಹೋಗುತ್ತಿದ್ದದ್ದು ಮಾತ್ರ ಹಿಂಬಾಗಿಲಿನಿಂದ. ಅವಳ ಬಾಲ್ಯವೆಂದರೆ ತಲೆಗೂದಲಲ್ಲಿ ಮರದ ಹೊಟ್ಟು, ಅಂಗಾಲಿನಲ್ಲಿ ಸಿಬಿರು. ಸರದಿ ತಪ್ಪದೆ ಬರುವ ಅಪ್ಪನ ಕೆಮ್ಮು. ಕೊನೆಗೆ ಗರಗಸ ಅವನ ಬಲಗೈಯ ಎರಡು ಬೆರಳು ತಿಂದಿತು. ಉಳಿದ ಮೂರರಲ್ಲಿ ಅವನು ಮಗಳ ಮದುವೆಗೆಂದು ಮಾಡಿದ ಕೊನೆಯ ಸಾಮಾನು ಈ ಮೇಜು. ಮೇಜು ಗಟ್ಟಿ. ಡ್ರಾಯರು ಮಾತ್ರ ಮೊದಲ ದಿನದಿಂದಲೇ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ನೋಡಿ, ಆಮೇಲೆ ಸರಿ ಮಾಡ್ತೀನಿ ಎಂದಿದ್ದ. ಆಮೇಲೆ ಎಂಬುದು ಬರಲಿಲ್ಲ. ಅವನ ಹತಾರದ ಪೆಟ್ಟಿಗೆ ಮಂಚದ ಕೆಳಗೆ, ಹಳೆಯ ಕಂಬಳಿಯ ಹಿಂದೆ ಇತ್ತು. ಎಸೆಯಲು ಮನಸ್ಸು ಬಾರದೆ ಇಟ್ಟದ್ದೇ ಹೊರತು ತೆರೆದು ನೋಡಲು ಅಲ್ಲ.

ದಿನಗಳು ಜಾರಿದವು. ಪೆನ್ಸಿಲಕ್ಕ ಅರ್ಜಿಯ ಉಳಿದೆಲ್ಲ ಜಾಗವನ್ನೂ ತಾನೇ ತುಂಬಿದಳು. ಹುಟ್ಟಿದ ದಿನಾಂಕ, ಅಂಕ, ವಿಳಾಸ ಎಲ್ಲ ಮೊದಲು ಪೆನ್ಸಿಲು, ಆಮೇಲೆ ಶಾಯಿ. ಎರಡನೆಯ ಸಾಲಿನಲ್ಲಿ ಗ್ರಂಥಾಲಯ ಸಹಾಯಕಿ, ಮೂರನೆಯದರಲ್ಲಿ ಪ್ರಯೋಗಾಲಯ ಸಹಾಯಕಿ ಎಂದು ಬರೆದಳು. ಮೊದಲನೆಯ ಸಾಲನ್ನು ಖಾಲಿ ಬಿಟ್ಟಳು. ಅಲ್ಲಿ ಕಚೇರಿ ಆಡಳಿತ ಎಂದು ಬರಬೇಕೆಂಬುದು ಅವಳ ಆಸೆ. ಫ್ಯಾನಿನ ಕೆಳಗೆ ಕುರ್ಚಿ, ಐದು ಗಂಟೆಗೆ ಬಾಗಿಲು, ಹತ್ತೂ ಬೆರಳು ಇದ್ದ ಹಾಗೇ ಇರುವ ಕೆಲಸ. ಆದರೆ ಅಷ್ಟನ್ನಾದರೂ ಹುಡುಗಿಯೇ ಬರೆಯಲಿ. ನಾಳೆ ನೀನೇ ತಳ್ಳಿದ್ದು ಅನ್ನಿಸಿಕೊಳ್ಳುವುದು ಬೇಡ.

ಕೊನೆಯ ದಿನದ ಹಿಂದಿನ ಸಂಜೆ, ಒಗೆದ ಬಟ್ಟೆ ಮಡಿಸುತ್ತ ಅದನ್ನೇ ಹೇಳಿದಳು. ಕಚೇರಿ ಆಡಳಿತ ಒಳ್ಳೆಯದು, ಬಲವಂತ ಇಲ್ಲ. ನಿನ್ನ ಮನಸ್ಸಿನಲ್ಲಿ ಇರುವುದನ್ನು ಬರೆ. ಬರೆಯದಿದ್ದರೆ ನಾಳೆ ಐದು ಗಂಟೆಗೆ ನಾನು ಬರೆಯುತ್ತೇನೆ.

ಮಗಳು ಮಂಚದ ಮೇಲೆ ಎದ್ದು ಕೂತಳು. ಬಹಳ ಹೊತ್ತು ತಾಯಿಯ ಕೈಗಳನ್ನೇ ನೋಡಿದಳು. "ಏನು ಬರೆದ್ರೂ ಸರೀನಾ?"

"ಏನು ಬರೆದ್ರೂ ಸರಿ. ಓದೋದು ನೀನು ತಾನೆ?"

"ಬೈಯಲ್ವಾ?"

"ನಾನ್ಯಾಕೆ ಬೈಲಿ? ದಿನಾ ನೂರು ಜನರ ಮಕ್ಕಳಿಗೆ ಹೇಳೋ ಮಾತನ್ನ ನನ್ನ ಮಗಳಿಗೆ ಹೇಳಲ್ವಾ?"

ಬೆಳಿಗ್ಗೆ ಮೇಜಿನ ಮೇಲೆ ಪೆನ್ಸಿಲು ಕೆತ್ತಿದ ಸಿಪ್ಪೆ ಬಿದ್ದಿತ್ತು. ಪೆನ್ಸಿಲಕ್ಕ ಅದನ್ನು ಊದಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಬಾಗಿಲ ಹತ್ತಿರ ಮಗಳು ಅಂಟಿಸದ ಲಕೋಟೆಯೊಂದನ್ನು ಅವಳ ಚೀಲಕ್ಕೆ ತೂರಿಸಿದಳು. ಎಷ್ಟೋ ವಾರಗಳಿಂದ ಆ ಹೊತ್ತಿಗೆ ಎದ್ದಿರದ ಹುಡುಗಿ ಎದ್ದು ಮುಖ ತೊಳೆದಿದ್ದಳು.

"ಬರೆದಿದೀನಿ," ಎಂದಳು.

ಬಸ್ಸಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಚೀಲಕ್ಕೆ. ಲಕೋಟೆ ತೆಗೆದು ನೋಡಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು. ಏನೂ ಬರೆದಿರದಿದ್ದರೆ ಎಂಬ ಹೆದರಿಕೆ. ಏನಾದರೂ ಬರೆದಿದ್ದರೆ ಎಂಬ ಹೆದರಿಕೆ. ಕಚೇರಿಗೆ ಹೋಗಿ, ಒಂದು ಲೋಟ ನೀರು ಕುಡಿದು, ಕೂತು ನೋಡೋಣ ಎಂದುಕೊಂಡಳು.

ಕಚೇರಿಯ ಮೆಟ್ಟಿಲುಗಳ ಮೇಲೆ ಆಗಲೇ ಸಾಲು ನಿಂತಿತ್ತು. ಕೊನೆಯ ದಿನ ಎಂದರೆ ಹಾಗೆಯೇ. ಇಡೀ ತಿಂಗಳು ಸುಮ್ಮನಿದ್ದವರೆಲ್ಲ ಅಂದು ಬೆಂಕಿ ಬಿದ್ದವರಂತೆ ಬರುತ್ತಾರೆ. ಕುರ್ಚಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಲಕೋಟೆಯೊಳಗಿನ ಅರ್ಜಿಯನ್ನು ಕಣ್ಣೆತ್ತಿಯೂ ನೋಡದೆ ಹೊರಗೆಳೆದು, ದಿನದ ಕಟ್ಟಿನ ಅಡಿಯಲ್ಲಿ ಇಟ್ಟಳು. ಅದರ ಮೇಲೆ ಬೇರೆ ಅರ್ಜಿಗಳು ಬೀಳತೊಡಗಿದವು.

ಮಧ್ಯಾಹ್ನದ ಹೊತ್ತಿಗೆ ಬ್ರೆಡ್ಡಿನ ಅಂಗಡಿಯವನು ಮಗನ ಜೊತೆ ಬಂದ. ಮಗ ಚಿತ್ರಕಲೆ ಎನ್ನುತ್ತಿದ್ದ. ಅಪ್ಪ ಕಿಟಕಿಯೊಳಗೆ ತಲೆ ತೂರಿಸಿ, ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಬೇಡಿ, ವಾಣಿಜ್ಯ ಅಂತ ಬರೆಯಿರಿ ಎಂದ. ಹುಡುಗ ನೆಲ ನೋಡುತ್ತಿದ್ದ.

ಪೆನ್ಸಿಲಕ್ಕ ಪೆನ್ಸಿಲು ಕೆಳಗಿಟ್ಟಳು. "ಕ್ಲಾಸಿನಲ್ಲಿ ಹೋಗಿ ಕೂತ್ಕೊಳ್ಳೋದು ನೀವಾ, ಇವನಾ?"

"ಇವನಿಗೇನು ಗೊತ್ತಾಗುತ್ತೆ ಅಕ್ಕಾ? ಮೀಸೆ ಬಂದಿಲ್ಲ ಇನ್ನೂ."

"ಮೀಸೆ ಬಂದಿರೋ ನಿಮಗೆ ಅವನ ಹೊಟ್ಟೇಲಿ ಏನಿದೆ ಅಂತ ಗೊತ್ತಾ? ಬಾಯಿ ಬಿಟ್ಟು ಹೇಳೋ ಮಕ್ಕಳು ಎಷ್ಟು ಜನ ಸಿಗ್ತಾರೆ ಹೇಳಿ. ಹೇಳ್ತಿದಾನಲ್ಲ, ಕೇಳಿಸ್ಕೊಳ್ಳಿ."

ಸಾಲಿನಲ್ಲಿ ನಿಂತಿದ್ದವರು ತಲೆಯಾಡಿಸಿದರು. ಅಂಗಡಿಯವನು ಗೊಣಗುತ್ತ ಒಪ್ಪಿಕೊಂಡ. ಹುಡುಗ ಪೆನ್ನು ಹಿಡಿದು, ಅವಳು ಪೆನ್ಸಿಲಿನಲ್ಲಿ ಬರೆದುಕೊಟ್ಟ ಚಿತ್ರಕಲೆ ಎಂಬ ಅಕ್ಷರಗಳ ಮೇಲೆ ನಾಲಿಗೆ ಕಚ್ಚಿಕೊಂಡು ತಿದ್ದಿದ. ಹೋಗುವಾಗ ತಿರುಗಿ ನೋಡಿ ನಕ್ಕ. ಆ ನಗೆಯಿಂದ ಪೆನ್ಸಿಲಕ್ಕನ ಬೆನ್ನು ನೆಟ್ಟಗಾಯಿತು. ಇಂಥ ಒಂದು ನಗೆ ಸಿಕ್ಕಿದರೆ ಅವಳಿಗೆ ಅಂದಿನ ಊಟ ತಡವಾದರೂ ನಡೆಯುತ್ತಿತ್ತು.

ನಾಲ್ಕೂವರೆಗೆ ಕಿಟಕಿ ಮುಚ್ಚಿತು. ಐದಕ್ಕೆ ಅರ್ಜಿಗಳನ್ನು ಒಯ್ಯುವ ಗಾಡಿ. ಎದುರಿನ ಮೇಜಿನಲ್ಲಿ ಮೊಹರಿನ ಅಣ್ಣ ಶಾಯಿಯ ದಿಂಬಿಗೆ ಹೊಸ ಶಾಯಿ ಸುರಿದು, ತೋಳು ಮಡಿಸಿ ಕಾದಿದ್ದ. ಕಚೇರಿಯ ಅತಿ ಹಳೆಯ ನೌಕರ ಅವನು. ಮೂವತ್ತು ವರ್ಷ ಮೊಹರು ಹಾಕಿ ಹಾಕಿ ಬಲಗೈ ಎಡಗೈಗಿಂತ ದಪ್ಪಗಾಗಿದೆ ಎಂದು ಎಲ್ಲರಿಗೂ ತೋರಿಸುತ್ತಿದ್ದ. "ಕೊಡಕ್ಕ ಕೊಡು. ಗಾಡಿಯವನು ಈಗಲೇ ಹಾರ್ನು ಹೊಡೀತಿದಾನೆ, ಮದುವೆ ಮನೆಗೆ ಹೊರಟವನ ಹಾಗೆ."

ನಲವತ್ತೊಂದು ಅರ್ಜಿ. ಅವಳು ರಬ್ಬರು ಹಿಡಿದಳು. ಅದು ಅವಳ ಕೈಗೆ ಅಂಟಿದ ಕೆಲಸ. ಎಡ ಅಂಗೈಯಿಂದ ಕಾಗದ ಒತ್ತಿ ಹಿಡಿ, ಮೇಲಿನಿಂದ ಕೆಳಕ್ಕೆ ನಾಲ್ಕು ಎಳೆತ, ಸಣ್ಣ ಬ್ರಷ್ಷಿನಿಂದ ಒಂದು ಸಲ ಗುಡಿಸು, ಮಗುಚು. ಶಾಯಿ ಓದಬೇಕಾಗಿರಲಿಲ್ಲ, ಓದಿ ಒಪ್ಪಿಸಿದ ಮೇಲೆಯೇ ಅದು ಶಾಯಿಯಾದದ್ದು. ಕಣ್ಣು ಬೂದು ಬಣ್ಣವನ್ನಷ್ಟೇ ಹುಡುಕುತ್ತಿತ್ತು. ಬೂದು ಕಂಡಲ್ಲಿ ಕೈ ಹೋಗುತ್ತಿತ್ತು. ಒಂದೊಂದಾಗಿ ಎದುರಿನ ಮೇಜಿಗೆ ದಾಟಿಸುತ್ತಿದ್ದಂತೆ ಮೊಹರು ಧಪ್ ಧಪ್ ಎಂದು ಬೀಳುತ್ತಿತ್ತು. ಆ ತಾಳಕ್ಕೆ ಅವಳ ರಬ್ಬರೂ ಹೊಂದಿಕೊಂಡಿತು.

ಕೊನೆಯ ಅರ್ಜಿಯ ಮೇಲೆ ರಬ್ಬರಿನ ಪುಡಿ ಗುಡಿಸಿ, ಮಗುಚಬೇಕೆಂದು ಮೂಲೆ ಹಿಡಿದಾಗ ಅವಳಿಗೆ ತನ್ನದೇ ಅಕ್ಷರ ಕಂಡಿತು. ತನ್ನ ಮನೆಯ ವಿಳಾಸ. ಎರಡನೆಯ ಸಾಲು, ಮೂರನೆಯ ಸಾಲು ಇದ್ದವು. ಮೊದಲನೆಯದು ಖಾಲಿ.

ಖಾಲಿ ಅಲ್ಲ. ಈಗಷ್ಟೇ ಖಾಲಿಯಾದದ್ದು.

ಬ್ರಷ್ಷಿನ ಕೂದಲಲ್ಲಿ ಇನ್ನೂ ಬೂದು ಪುಡಿ ಇತ್ತು. ಪೆನ್ನು ಮುಟ್ಟಬೇಡ, ಮೊದಲು ಪೆನ್ಸಿಲಿನಲ್ಲಿ ಬರೆದು ನನಗೆ ತೋರಿಸು. ಹತ್ತು ವರ್ಷ ಹೇಳಿಕೊಟ್ಟದ್ದನ್ನು ಹುಡುಗಿ ಹೇಳಿದಂತೆಯೇ ಮಾಡಿದ್ದಳು. ತೋರಿಸಿದ್ದಳು. ನೋಡಬೇಕಾದವಳು ನೋಡಿರಲಿಲ್ಲ.

ಪೆನ್ಸಿಲಕ್ಕ ಕುರ್ಚಿಯಿಂದ ಅರ್ಧ ಎದ್ದಳು. ಮನೆಗೆ ಫೋನು ಮಾಡಬೇಕೆಂದು ಕೈ ಮೇಜಿನ ಮೇಲಿನ ಫೋನಿನತ್ತ ಹೋಯಿತು. ಆಗ ಕಿಟಕಿಯ ಬಿಸಿಲು ಓರೆಯಾಗಿ ಕಾಗದದ ಮೇಲೆ ಬಿತ್ತು. ಮೊದಲನೆಯ ಸಾಲಿನಲ್ಲಿ ಏನೋ ಇದ್ದಂತೆ ಕಂಡಿತು. ಅರ್ಜಿಯನ್ನು ಎತ್ತಿ ಬೆಳಕಿಗೆ ವಾಲಿಸಿದಳು. ಬಣ್ಣ ಹೋಗಿತ್ತು. ಗೀರು ಹೋಗಿರಲಿಲ್ಲ. ಯಾರೋ ಉಗುರಿನಲ್ಲಿ ಕೊರೆದಂತೆ ಪ್ರತಿ ಅಕ್ಷರವೂ ಕಾಗದದಲ್ಲಿ ಇಳಿದಿತ್ತು. ಬೆರಳು ಆಡಿಸಿದರೆ ಕುರುಡರೂ ಓದಬಹುದಿತ್ತು.

ಮರಗೆಲಸ.

ಎಲ್ಲ ಒಂದರ ಹಿಂದೆ ಒಂದು ನೆನಪಿಗೆ ಬಂದವು. ಗ್ರಂಥಾಲಯದ ಮೇಜಿನಡಿಯ ಕೈ. ಕುರ್ಚಿಯ ಕಾಲಿನಡಿಯ ಕಾಗದ. ಹೊಟ್ಟೆಗೆ ಗುದ್ದಿದ ಡ್ರಾಯರು. ತಾನು ಕಚೇರಿಗೆ, ಗಂಡ ಬಸ್ಸಿಗೆ ಹೋದ ಮೇಲೆ ಖಾಲಿ ಮನೆಯಲ್ಲಿ ದಿನವಿಡೀ ಮಲಗಿರುತ್ತಾಳೆ ಎಂದುಕೊಂಡಿದ್ದ ಹುಡುಗಿ ಮಂಚದ ಕೆಳಗೆ ಕೈಹಾಕಿ, ಕಂಬಳಿ ಸರಿಸಿ, ಆ ಪೆಟ್ಟಿಗೆ ಎಳೆಯುತ್ತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅದರ ಜೊತೆಗೇ ಅಪ್ಪನ ಬಲಗೈ ಕಂಡಿತು. ಎರಡು ಬೆರಳಿಲ್ಲದ ಜಾಗದಲ್ಲಿ ಹೊಳೆಯುವ ಗುಲಾಬಿ ಚರ್ಮ. ಹಿಂಬಾಗಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಬಡಗಿ ಬಂದಿದಾನೆ ಅಂತ ಹೇಳಿ ಎಂದು ಒಳಗಿನವರಿಗೆ ಹೇಳಿಕಳಿಸುತ್ತಿದ್ದ ಅವನ ಧ್ವನಿ.

ಆರು ವರ್ಷದ ಸಂಜೆಗಳು ಮತ್ತೆ ಅಲ್ಲಿಗೇ ಬಂದು ನಿಲ್ಲುವುದಕ್ಕೋ?

"ಏನಕ್ಕ, ಸ್ವಂತ ಮಗಳ ಅರ್ಜಿಗೆ ಇಷ್ಟು ಹೊತ್ತಾ? ಜನರದ್ದಾಗಿದ್ರೆ ಇಷ್ಟರಲ್ಲಿ ಹತ್ತು ಮುಗಿಸ್ತಿದ್ದೆ," ಎಂದ ಮೊಹರಿನ ಅಣ್ಣ, ಎತ್ತಿಹಿಡಿದ ಅರ್ಜಿಯ ಮೇಲಿನ ಹೆಸರು ನೋಡಿ.

"ಒಂದು ನಿಮಿಷ ಅಣ್ಣ. ಒಂದು ಸಾಲು ಬಾಕಿ ಇದೆ."

ಹೊರಗೆ ಗಾಡಿಯವನು ಹಾರ್ನು ಒತ್ತಿದ. ಪೆನ್ಸಿಲಕ್ಕ ಪೆನ್ನಿನ ಮುಚ್ಚಳ ತೆಗೆದಳು. ಆ ತಾಯಿಯ ಮಗನ ಅರ್ಜಿಯಾದ ಮೇಲೆ ಮೊದಲನೆಯ ಸಲ ಪೆನ್ಸಿಲು ಮುಟ್ಟದೆ ನೇರವಾಗಿ ಶಾಯಿಯಲ್ಲಿ ಬರೆದಳು. ಕಚೇರಿ ಆಡಳಿತ. ಗೀರುಗಳ ಮೇಲೆ ನಿಬ್ಬು ಅಲ್ಲಲ್ಲಿ ತಡವರಿಸಿತು, ಹಳ್ಳಕೊಳ್ಳದ ದಾರಿಯಲ್ಲಿ ಚಕ್ರ ತಡವರಿಸಿದ ಹಾಗೆ. ಒಂದೆರಡು ಕಡೆ ಶಾಯಿ ಪಕ್ಕಕ್ಕೆ ಹರಡಿತು. ಓದಲು ತೊಂದರೆ ಇರಲಿಲ್ಲ.

ಮೊಹರು ಬಿತ್ತು.

ಮನೆಗೆ ಹೋದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳಲಿಲ್ಲ, ಮುಖ ನೋಡಿದಳು. ಪೆನ್ಸಿಲಕ್ಕ ಚೀಲ ಇಳಿಸುತ್ತ, ಕೊಟ್ಟಾಯಿತು, ಜನ ತುಂಬ ಇತ್ತು, ಸುಸ್ತಾಯಿತು ಎಂದಳು. ಮಗಳು ನೀರಿನ ಲೋಟ ತಂದುಕೊಟ್ಟಳು. ಆ ರಜೆ ಮುಗಿಯುವವರೆಗೆ ಹುಡುಗಿ ಬೆಳಿಗ್ಗೆ ಬೇಗ ಏಳುತ್ತಿದ್ದಳು, ಮನೆ ಗುಡಿಸುತ್ತಿದ್ದಳು. ಒಂದು ದಿನ ಹಾಡೂ ಗುನುಗಿದಳು. ಗಂಡನಿಗೆ ಖುಷಿಯೋ ಖುಷಿ. "ನೋಡಿದ್ಯಾ, ಗೇರು ಬಿತ್ತು," ಎಂದ. ಪೆನ್ಸಿಲಕ್ಕ ಆ ಹಾಡಿಗೆ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಳು.

ಪಟ್ಟಿ ಬಂದ ದಿನ ಮಗಳು ಅದನ್ನು ಎರಡು ಸಲ ಓದಿದಳು. ಹೆಸರಿನ ಎದುರು ಬೆರಳಿಟ್ಟು ಓದಿ, ಮತ್ತೆ ಮೇಲಿನಿಂದ ಓದಿದಳು. ತಾಯಿಯ ಕಡೆ ತಿರುಗಿದಾಗ ಮುಖದಲ್ಲಿ ಸಿಟ್ಟು ಇರಲಿಲ್ಲ. ಅಂಗಡಿಯ ದೀಪ ಒಂದೊಂದಾಗಿ ಆರಿಸಿ ಬಾಗಿಲು ಎಳೆದುಕೊಳ್ಳುತ್ತಾರಲ್ಲ, ಅಷ್ಟೇ. "ಸರಿ," ಎಂದಳು.

ತರಗತಿಗಳು ಶುರುವಾದವು. ಮಗಳು ಒಂದು ದಿನವೂ ತಪ್ಪಿಸಲಿಲ್ಲ. ಕಡತ ಕಟ್ಟುವುದು, ಪತ್ರ ಬರೆಯುವುದು, ಬಂದ ಕಾಗದಕ್ಕೆ ಸಂಖ್ಯೆ ಹಾಕುವುದು ಕಲಿತಳು. ಅಂಕಗಳು ಏರಿದವು. ಅಧ್ಯಾಪಕಿ ಕರೆಸಿ, ಇಷ್ಟು ಅಚ್ಚುಕಟ್ಟಾದ ಹುಡುಗಿಯನ್ನು ನೋಡಿಲ್ಲ, ಮಾತೇ ಇಲ್ಲ ಎಂದು ಹೊಗಳಿದರು. ಮನೆಯಲ್ಲಿ ಮಗಳು ಪೆನ್ನಿನಲ್ಲೇ ಬರೆಯುತ್ತಿದ್ದಳು. ತಾಯಿಗೆ ತೋರಿಸುತ್ತಿರಲಿಲ್ಲ; ತೋರಿಸುವಂಥ ತಪ್ಪು ಅದರಲ್ಲಿ ಇರುತ್ತಲೂ ಇರಲಿಲ್ಲ.

ಬೈದಿದ್ದರೆ ಪೆನ್ಸಿಲಕ್ಕ ತಡೆದುಕೊಳ್ಳುತ್ತಿದ್ದಳು. ಬೈಯಲಿ ಎಂದೇ ಕಾದಳು. ತಿಂಗಳುಗಟ್ಟಲೆ ಕಾದು, ಕೊನೆಗೆ ತಾನೇ ಒಂದು ಮಾತು ಸಿದ್ಧಮಾಡಿಕೊಂಡಳು. ಬಸ್ಸಿನಲ್ಲಿ, ಕಿಟಕಿಯ ಹಿಂದೆ, ಬಟ್ಟೆ ಒಗೆಯುವಾಗ ಅದನ್ನು ಬಾಯೊಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಗಳು ಮೇಜಿನ ಬಳಿ ಕೂತು ಕಡತಕ್ಕೆ ದಾರ ಪೋಣಿಸುತ್ತಿದ್ದಳು. ಗಂಡ ಪಾಳಿಗೆ ಹೋಗಿದ್ದ. ಪೆನ್ಸಿಲಕ್ಕ ಎದುರಿನ ಕುರ್ಚಿ ಎಳೆದು ಕೂತಳು.

"ಒಂದು ಮಾತು ಹೇಳ್ಬೇಕಿತ್ತು ಕಣೇ. ಆವತ್ತು ನಿನ್ನ ಅರ್ಜಿ... ಕಟ್ಟಿನ ಜೊತೆ ಸೇರಿಬಿಟ್ಟಿತ್ತು. ಗಡಿಬಿಡಿಯಲ್ಲಿ ಓದದೇ ಅಳಿಸಿಬಿಟ್ಟೆ. ಬೇಕು ಅಂತ ಅಳಿಸಿದ್ದಲ್ಲ."

ಮಗಳ ಕೈ ನಿಲ್ಲಲಿಲ್ಲ. ದಾರದ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿ, ತೂತಿನೊಳಗೆ ತೂರಿಸಿ, ಗಂಟು ಹಾಕಿದಳು. "ಹಾಗಾಗ್ಬಹುದು ಅಂತ ಅನ್ನಿಸಿತ್ತು."

"ಅನ್ನಿಸಿತ್ತಾ?"

"ನಿನ್ನ ಕೈಯಲ್ಲಿ ರಬ್ಬರ್ ಇದ್ರೆ ನಿನಗೆ ಏನೂ ಕಾಣ್ಸಲ್ವಲ್ಲ ಅಮ್ಮ. ಅದಕ್ಕೇ ಒತ್ತಿ ಬರೆದಿದ್ದೆ. ಅಳಿಸಿದ್ರೂ ಓದೋಕೆ ಬರ್ಲಿ ಅಂತ. ಎರಡು ಸಲ ಮೊನೆ ಮುರೀತು." ಆಗ ಮಾತ್ರ ತಲೆಯೆತ್ತಿದಳು. "ಕಾಣಿಸ್ಲಿಲ್ವಾ?"

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಪೆನ್ಸಿಲಕ್ಕ ಎಡಗೈ ಹೆಬ್ಬೆರಳಿನ ಚುಕ್ಕೆಯನ್ನು ಬಲಗೈಯಿಂದ ತಿಕ್ಕಿದಳು.

"ಇಲ್ಲ ಪುಟ್ಟಿ. ಕಾಣಿಸ್ಲಿಲ್ಲ."

ಮಗಳು "ಹೋಗ್ಲಿ ಬಿಡು," ಎಂದು ಕಡತವನ್ನು ಎತ್ತಿಕೊಂಡು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿ, ಅದನ್ನು ಅಂಗಡಿಯಲ್ಲಿ ನಕಲು ಮಾಡಿಸಬೇಕೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮೇಜಿನ ಮೇಲೆ ದಾರದ ಉಂಡೆ ಉಳಿದಿತ್ತು. ಎತ್ತಿಡಲು ಪೆನ್ಸಿಲಕ್ಕ ಡ್ರಾಯರಿಗೆ ಕೈಹಾಕಿದಳು. ಕೈಗೆ ಇನ್ನೂ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. ಜಗ್ಗಿದ ಜೋರಿಗೆ ಡ್ರಾಯರು ಪೂರ್ತಿ ಹೊರಗೇ ಬಂದು ತೊಡೆಯ ಮೇಲೆ ಕೂತಿತು. ಅದರ ಹೊರಮೈಯನ್ನು ಅವಳು ಎಂದೂ ನೋಡಿರಲಿಲ್ಲ. ಎರಡೂ ಬದಿಯಲ್ಲಿ ಹಳೆಯ ಕಪ್ಪು ಮರದ ನಡುವೆ ಹೊಸದಾಗಿ ಕೀಸಿದ ಪಟ್ಟಿ, ಒಂದೇ ಅಗಲ, ಎಳೆಯ ಹಳದಿ ಬಣ್ಣ. ಮುಟ್ಟಿದರೆ ಮೇಣದಬತ್ತಿ ತಿಕ್ಕಿದ ನುಣುಪು. ಪಟ್ಟಿಯ ಪಕ್ಕದಲ್ಲಿ ಎಷ್ಟು ಕೀಸಬೇಕೆಂದು ಪೆನ್ಸಿಲಿನಲ್ಲಿ ಎಳೆದ ಗೆರೆ, ಗೆರೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಳತೆ. ಮೊದಲು ಬರೆದ ಒಂದು ಅಂಕಿಯನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿತ್ತು.

ಅವಳು ಡ್ರಾಯರನ್ನು ಎರಡೂ ಕೈಯಲ್ಲಿ ಎತ್ತಿ, ಮೇಜಿನ ಬಾಯಿಗೆ ಹೊಂದಿಸಿ, ಒಂದು ಬೆರಳಿನಿಂದ ತಳ್ಳಿದಳು. ಅದು ಒಳಗೆ ಹೋಗಿ ಮುಚ್ಚಿಕೊಂಡದ್ದು ಕೇಳಿಸಲೂ ಇಲ್ಲ.